ಜೇಬೆಜ್ ಕಟ್ಟಿದ ಮೂಗಿ

ಜೇಬೆಜ್ ಗಿಟ್ಟೆನ್ಸ್ ಬಡಗಿಯಾಗಿದ್ದ. ಮೇಜು ಕುರ್ಚಿ ಮಾಡುವ ಬಡಗಿಯಲ್ಲ, ಗಾಣದ ಬಡಗಿ. ಗುಡ್ಡದ ಮೇಲಿನ ನಮ್ಮ ಗಾಳಿಗಾಣದ ರೆಕ್ಕೆ ಮುರಿದರೆ, ಹಲ್ಲುಗಾಲಿಯ ಹಲ್ಲು ಸವೆದರೆ, ಉರುಳೆಗಳ ಬೆಣೆ ಸಡಿಲವಾದರೆ ಅವನೇ ಬರಬೇಕು. ಅವನ ಅಪ್ಪನೂ ಇದೇ ಗಾಣದ ಬಡಗಿ. ಅಪ್ಪ ಕಬ್ಬಿನ ಎಸ್ಟೇಟಿನ ಗುಲಾಮ, ಅದರ ಸೊತ್ತಾಗಿ ಹುಟ್ಟಿ ಸೊತ್ತಾಗಿಯೇ ಸತ್ತ. ಜೇಬೆಜ್ ಸೊತ್ತಾಗಿ ಹುಟ್ಟಿ, ಮೂವತ್ತರ ಹೊತ್ತಿಗೆ ಬಿಡುಗಡೆ ಕಂಡ. ಬಿಡುಗಡೆಯ ಮಾರನೆಯ ದಿನವೂ ಅದೇ ಉಳಿ ಹಿಡಿದು ಅದೇ ಗಾಣಕ್ಕೆ ಬಂದ. ನಾವೂ ಹಾಗೆಯೇ ಬಂದೆವು. ಇರುವ ಗುಡಿಸಲು ಎಸ್ಟೇಟಿನದು. ಕೆಲಸ ಬಿಟ್ಟರೆ ಗುಡಿಸಲೂ ಬಿಡಬೇಕು.

ನಾನು ಕೆಟುರಾ. ಗಾಣದ ಹಿಂಬದಿಯಲ್ಲಿ ನಿಲ್ಲುತ್ತಿದ್ದ ಮೂವರು ಹೆಂಗಸರಲ್ಲಿ ಒಬ್ಬಳು. ಇನ್ನಿಬ್ಬರು ಡಾರ್ಕಸ್ ಮತ್ತು ಅವಳ ತಾಯಿ ಬತ್ಶೀಬಾ. ಕಬ್ಬಿಣದ ಕವಚ ತೊಟ್ಟ ಎದೆಯೆತ್ತರದ ಮೂರು ಉರುಳೆಗಳು ಸಾಲಾಗಿ ನಿಂತಿದ್ದವು. ಮುಂದೆ ನಿಂತ ಗಂಡಸರು ಮೊದಲನೆಯದಕ್ಕೂ ನಡುವಿನದಕ್ಕೂ ಮಧ್ಯೆ ಕಬ್ಬು ಕೊಡುತ್ತಿದ್ದರು. ಜಜ್ಜಿ ಹಿಂದೆ ಬಂದ ಸಿಪ್ಪೆಯನ್ನು ನಾವು ಹಿಡಿದು, ಬಾಗಿಸಿ, ನಡುವಿನದಕ್ಕೂ ಮೂರನೆಯದಕ್ಕೂ ಮಧ್ಯೆ ಮತ್ತೆ ತುರುಕಬೇಕು. ಮೊದಲ ಸಲಕ್ಕೆ ಬಿಡದ ಹಾಲು ಎರಡನೆಯ ಸಲಕ್ಕೆ ಬಿಡುತ್ತದೆ. ಜನವರಿಯಿಂದ ಜೂನ್‌ವರೆಗೆ, ಗಾಳಿ ಬೀಸಿದಷ್ಟು ಹೊತ್ತೂ ಇದೇ ಕೆಲಸ. ಗೋಡೆಗೆ ಒಂದು ಕೊಡಲಿ ತೂಗಿರುತ್ತಿತ್ತು. ಅದು ಕಬ್ಬಿಗಲ್ಲ. ಬೆರಳು ಸಿಕ್ಕಿಕೊಂಡರೆ ಗಾಳಿಗಾಣ ತಕ್ಷಣ ನಿಲ್ಲುವುದಿಲ್ಲ. ರೆಕ್ಕೆಗಳನ್ನು ಗಾಳಿಯಿಂದ ತಿರುಗಿಸುವಷ್ಟರಲ್ಲಿ ಮನುಷ್ಯರು ಪೂರ್ತಿ ಒಳಗೆ ಹೋಗಿರುತ್ತಾರೆ.

ಬತ್ಶೀಬಾಳ ಬಾಯಿ ಎಂದೂ ಸುಮ್ಮನಿರುತ್ತಿರಲಿಲ್ಲ. ಜೇಬೆಜ್‌ಗೆ ಡಾರ್ಕಸ್ ಮೇಲೆ ಕಣ್ಣಿದೆಯೆಂದು ಅವಳಿಗೆ ಗೊತ್ತಿತ್ತು. ಅವನು ಉರುಳೆಗೆ ಕೊಬ್ಬು ಸವರಲು ಬಂದಾಗಲೆಲ್ಲ ಚುಚ್ಚುತ್ತಿದ್ದಳು: "ಏನಪ್ಪಾ ಬಡಗಿ, ಬೆಳಗ್ಗೆ ತಾನೆ ಸವರಿದ್ದೆ. ಗಾಣ ಅಷ್ಟು ಬೇಗ ಒಣಗಿಹೋಯ್ತಾ, ಇಲ್ಲಾ ನಿನ್ನ ಗಂಟಲು ಒಣಗಿದ್ದಾ?" ಅವನು ತಲೆ ತಗ್ಗಿಸಿ ಕೆಲಸ ಮುಗಿಸಿ ಹೋಗುತ್ತಿದ್ದ. ಡಾರ್ಕಸ್ ನಗು ತಡೆಯಲು ತಲೆವಸ್ತ್ರದ ಅಂಚನ್ನು ಕಚ್ಚಿಕೊಳ್ಳುತ್ತಿದ್ದಳು. ಆಗ ಅವಳಿಗೆ ಇಪ್ಪತ್ತಮೂರು.

ಬಿಡುಗಡೆಯಾದ ಆರನೆಯ ವರ್ಷದ ಮಾರ್ಚ್ ತಿಂಗಳು. ಮೂರು ದಿನದಿಂದ ಗಾಳಿ ಹುಚ್ಚು ಹಿಡಿದಂತೆ ಬೀಸುತ್ತಿತ್ತು. ರೆಕ್ಕೆಯ ಬಟ್ಟೆ ಸ್ವಲ್ಪ ಸುತ್ತಿಡೋಣ, ಉರುಳೆ ಅತಿ ವೇಗವಾಗಿ ತಿರುಗುತ್ತಿದೆ ಎಂದು ಜೇಬೆಜ್ ಮ್ಯಾನೇಜರ್ ಪಿಲ್‌ಗ್ರಿಮ್‌ಗೆ ಎರಡು ಸಲ ಹೇಳಿದ. ಕಡಿದ ಕಬ್ಬು ಅಂಗಳದಲ್ಲಿ ಹುಳಿಯಾಗುತ್ತಿದೆ, ಗಾಳಿ ದೇವರು ಕೊಟ್ಟದ್ದು, ಬಟ್ಟೆ ಸುತ್ತಬೇಡ ಎಂದು ಪಿಲ್‌ಗ್ರಿಮ್ ಹೇಳಿಕಳಿಸಿದ. ಮಧ್ಯಾಹ್ನದ ಊಟಕ್ಕೆ ಬಿಡುವುದಕ್ಕೆ ಸ್ವಲ್ಪ ಮುಂಚೆ ಸಿಪ್ಪೆಯ ಒಂದು ಕಟ್ಟು ಬಾಗದೆ ನೆಟ್ಟಗೆ ನಿಂತಿತು. ಡಾರ್ಕಸ್ ಅದನ್ನು ಅಂಗೈಯಿಂದ ಒತ್ತಿದಳು. ಸಿಪ್ಪೆ ಒಳಗೆ ಹೋಯಿತು, ಕೈಯೂ ಹೋಯಿತು.

ಅವಳು ಕಿರುಚಲಿಲ್ಲ. "ಅಮ್ಮಾ, ನೋಡಿಲ್ಲಿ" ಎಂದಳು, ಏನೋ ಬಿದ್ದ ವಸ್ತು ತೋರಿಸುವವಳಂತೆ. ನಾನು ಅವಳ ಸೊಂಟ ಹಿಡಿದು ಎಳೆದೆ. ಗಾಣ ನನ್ನನ್ನೂ ಸೇರಿಸಿ ಎಳೆಯಿತು. ಕೊಡಲಿಗೆ ಹತ್ತಿರವಿದ್ದವಳು ಬತ್ಶೀಬಾ. ಅವಳು ಕೊಡಲಿ ಹಿಡಿದಳು, ಎತ್ತಲಾಗಲಿಲ್ಲ. ಏಣಿಯ ಮೇಲಿದ್ದ ಜೇಬೆಜ್ ಹಾರಿ ಇಳಿದು ಆ ಮುದುಕಿಯ ಕೈಯಿಂದ ಕೊಡಲಿ ಕಿತ್ತುಕೊಂಡ. ಎರಡು ಏಟು ಬೇಕಾಯಿತು. ಮೊದಲನೆಯದು ಸರಿಯಾಗಿ ಬೀಳಲಿಲ್ಲ.

ಡಾರ್ಕಸ್ ಬದುಕಿದಳು. ಮೊಣಕೈಗಿಂತ ಮೇಲೆ ನಾಲ್ಕು ಬೆರಳಿನಷ್ಟು ತೋಳು ಉಳಿಯಿತು. ಆ ದಿನದ ಹಾಲನ್ನು ಪಿಲ್‌ಗ್ರಿಮ್ ಚೆಲ್ಲಿಸಲಿಲ್ಲ. ಆಲೆಮನೆಯ ಕೊಪ್ಪರಿಗೆಗೆ ಹಾಗೆಯೇ ಹರಿಯಿತು. ಮಾರನೆಯ ದಿನ ಅವಳ ಜಾಗದಲ್ಲಿ ಇನ್ನೊಬ್ಬಳು ನಿಂತಳು.

ಜೇಬೆಜ್ ಎರಡು ವಾರ ಅವಳ ಗುಡಿಸಲ ಕಡೆ ಸುಳಿಯಲಿಲ್ಲ. ಆಮೇಲೆ ಒಂದು ಭಾನುವಾರ ಬೇಯಿಸಿದ ಗೆಣಸು, ಉಪ್ಪುಮೀನು ತಂದು ಹೊಸ್ತಿಲಲ್ಲಿಟ್ಟು, ಒಳಗೆ ಬಾರದೆ ಹೊರಟುಹೋದ. ಪ್ರತಿ ಭಾನುವಾರವೂ ಹಾಗೆಯೇ. ಬತ್ಶೀಬಾ ಅವನನ್ನು ಚುಚ್ಚುವುದನ್ನು ನಿಲ್ಲಿಸಿದಳು. ಅದು ನನಗೆ ಹೆಚ್ಚು ಕಷ್ಟವಾಯಿತು.

ಅವನ ತಲೆಯಲ್ಲಿ ಒಂದೇ ಯೋಚನೆ ಕೂತಿತ್ತು. ಗಾಣದ ಹಿಂದೆ ಮನುಷ್ಯರು ನಿಲ್ಲಬಾರದು. ಸಮತಟ್ಟಿನ ದೊಡ್ಡ ಎಸ್ಟೇಟುಗಳಲ್ಲಿ ಉರುಳೆಯ ಹಿಂದೆ ಬಾಗಿದ ಹಲಗೆಯೊಂದನ್ನು ನಿಲ್ಲಿಸಿ, ಸಿಪ್ಪೆ ತಾನೇ ತಿರುಗಿಕೊಳ್ಳುವಂತೆ ಮಾಡಿದ್ದಾರಂತೆ ಎಂದು ಅವನು ಕೇಳಿದ್ದ. ಕಣ್ಣಿಂದ ನೋಡಿರಲಿಲ್ಲ. ತರಿಸಿ ಎಂದು ಪಿಲ್‌ಗ್ರಿಮ್‌ನನ್ನು ಕೇಳಿದಾಗ, ಇಷ್ಟು ಸಣ್ಣ ಗಾಣಕ್ಕೆ ಅದೆಲ್ಲ ಯಾಕೆ, ಹೆಂಗಸರಿದ್ದಾರಲ್ಲ ಎಂಬ ಉತ್ತರ ಬಂತು. ಬೇಕಿದ್ದರೆ ಮಳೆಗಾಲದಲ್ಲಿ ಸ್ವಂತ ಹೊತ್ತಿನಲ್ಲಿ ನೀನೇ ಮಾಡಿಕೋ ಎಂದೂ ಸೇರಿಸಿದ.

ಅವನು ಮಾಡಿದ. ಮೊದಲು ಮಹಾಗನಿ ಮರದ ದಪ್ಪ ತುಂಡನ್ನು ಕಡೆದು, ನಡುವಿನ ಉರುಳೆಯ ಬೆನ್ನನ್ನು ತಬ್ಬಿದಂತೆ ಬಾಗಿದ ಗೋಡೆಯೊಂದನ್ನು ಕೂರಿಸಿದ. ಮುಂದಿನಿಂದ ಬಂದ ಸಿಪ್ಪೆ ಗೋಡೆಗೂ ಉರುಳೆಗೂ ನಡುವಿನ ಸಂದಿಯಲ್ಲಿ ಜಾರುತ್ತ ಸುತ್ತುಬಂದು ತಾನಾಗಿ ಮೂರನೆಯ ಉರುಳೆಯ ಬಾಯಿಗೆ ಬೀಳಬೇಕು. ಅದು ಬೀಳಲಿಲ್ಲ. ಸಂದಿಯಲ್ಲೇ ಸಿಕ್ಕಿಹಾಕಿಕೊಂಡಿತು; ಗಾಣ ಉಸಿರುಕಟ್ಟಿದಂತೆ ನಡುಗಿತು, ಮೇಲಿನ ಹಲ್ಲುಗಾಲಿಯ ನಾಲ್ಕು ಹಲ್ಲು ಹಾರಿದವು. ಪಿಲ್‌ಗ್ರಿಮ್ ಎಲ್ಲರೆದುರಿಗೆ ಬೈದ. ಗಂಡಸರು ಅವನಿಗೆ ಗೋಡೆಗಿಟ್ಟೆನ್ಸ್ ಎಂದು ಹೆಸರಿಟ್ಟರು.

ಮುಂದಿನ ಮಳೆಗಾಲ ಪೂರ್ತಿ ಅವನು ಉರುಳೆಯ ಮುಂದೆ ಕೂತ. ಒಂದು ಹಿಡಿ ಸಿಪ್ಪೆಯನ್ನು ಕೈಯಲ್ಲಿ ಹಿಸುಕಿ, ಬಿಟ್ಟು, ಅದು ಎಷ್ಟು ಅರಳುತ್ತದೆ ಎಂದು ನೋಡುತ್ತಿದ್ದ. ಅವನನ್ನು ಕಂಡವರು ಬುದ್ಧಿ ಕೆಟ್ಟಿದೆ ಎಂದುಕೊಂಡರು. ಒಂದು ದಿನ ನನ್ನನ್ನು ಕರೆದು ಸಿಪ್ಪೆ ಕೈಗಿಟ್ಟ. "ಹಿಸುಕಿ ಬಿಡಕ್ಕ. ಉಬ್ಬತ್ತೆ ನೋಡು. ಉರುಳೆಯಿಂದ ಆಚೆ ಬಂದ ತಕ್ಷಣ ಅದು ಉಸಿರು ತಗೊಳ್ಳತ್ತೆ. ನಾನು ಅದಕ್ಕೆ ಜಾಗಾನೇ ಕೊಟ್ಟಿರ್ಲಿಲ್ಲ." ಬಾಯಿಯ ಹತ್ತಿರ ಸಂದಿ ಅಗಲವಾಗಿರಬೇಕು, ಬರಬರುತ್ತ ಕಿರಿದಾಗಬೇಕು, ಒಳಮೈ ನುಣ್ಣಗಿರಬೇಕು; ಇದು ಅವನು ಕಂಡುಕೊಂಡದ್ದು. ಆಲೆಮನೆಯಲ್ಲಿ ಬಿರುಕುಬಿಟ್ಟು ಬಿದ್ದಿದ್ದ ಹಳೆಯ ಕೊಪ್ಪರಿಗೆಯ ತಾಮ್ರವನ್ನು ಕತ್ತರಿಸಿ, ಬಡಿದು, ಮರದ ಗೋಡೆಗೆ ಅಸ್ತರಾಗಿ ಹೊದಿಸಿದ. ಪೀಪಾಯಿಯ ಕಬ್ಬಿಣದ ಪಟ್ಟಿಗಳಿಂದ ಹಿಂದಿನಿಂದ ಬಿಗಿದ.

ಆ ಜನವರಿ ಮೊದಲ ಕಬ್ಬು ಕೊಟ್ಟಾಗ ಸಿಪ್ಪೆ ತಾಮ್ರದ ಮೇಲೆ ಸರಸರ ಸುತ್ತಿ ಬಂದು ಮೂರನೆಯ ಉರುಳೆಗೆ ಬಿತ್ತು. ನಾನು, ಬತ್ಶೀಬಾ, ಡಾರ್ಕಸ್ ಜಾಗಕ್ಕೆ ಬಂದವಳು, ಮೂವರೂ ಕೈ ಕಟ್ಟಿಕೊಂಡು ನೋಡುತ್ತ ನಿಂತೆವು. ಬತ್ಶೀಬಾ ಹತ್ತಿರ ಹೋಗಿ ಅದರ ಬೆನ್ನು ತಟ್ಟಿ, "ಒಂದು ಮಾತೂ ಆಡದೆ ಕೆಲಸ ಮಾಡ್ತಾಳಲ್ಲ ಇವಳು. ಮೂಗಿ ಇರಬೇಕು" ಎಂದಳು. ಅಂದಿನಿಂದ ಅದಕ್ಕೆ ಮೂಗಿ ಎಂದೇ ಹೆಸರಾಯಿತು. ಬಹಳ ದಿನದ ಮೇಲೆ ಆಗ ಜೇಬೆಜ್ ನಕ್ಕಿದ್ದನ್ನು ನೋಡಿದೆ. ಡಾರ್ಕಸ್ ಗಾಣದ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಒಂದು ಕೈಯಲ್ಲಿ ಸಿಪ್ಪೆ ಗುಡಿಸುವ ಕೆಲಸ ಕೊಟ್ಟಿದ್ದರು. ಅವನು ಅವಳ ಕಡೆ ತಿರುಗಿದ, ನಗು ನಿಂತಿತು, ಏಣಿ ಹತ್ತಿಬಿಟ್ಟ.

ಮೂಗಿ ಸಿಪ್ಪೆಯನ್ನು ಒಂದೇ ಸಮನೆ ಕೊಡುತ್ತಿದ್ದರಿಂದ ಹಾಲೂ ಹೆಚ್ಚು ಬಂತು. ಪಿಲ್‌ಗ್ರಿಮ್ ಬಹಳ ಸಂತೋಷಪಟ್ಟ. ಆ ಶನಿವಾರ ನಮ್ಮನ್ನು ಅಂಗಳಕ್ಕೆ ಕರೆಸಿದ. ಗಾಣಕ್ಕೆ ಇನ್ನು ನಿಮ್ಮ ಕೆಲಸವಿಲ್ಲ, ಸೋಮವಾರದಿಂದ ಹೊಲಕ್ಕೆ ಹೋಗಿ ಕಬ್ಬಿನ ಗುಂಡಿ ತೋಡಿ ಎಂದ. ನನಗೂ ಡಾರ್ಕಸ್ ಜಾಗಕ್ಕೆ ಬಂದವಳಿಗೂ ತೋಳಿನಲ್ಲಿ ಬಲವಿತ್ತು. ಬತ್ಶೀಬಾಗೆ ಅರವತ್ತು ದಾಟಿತ್ತು. ಸಿಪ್ಪೆ ಬಾಗಿಸುವುದು ಗೊತ್ತಿದ್ದ ಕೈ ಗುದ್ದಲಿ ಎತ್ತುವ ಕೈಯಲ್ಲ. ಡಾರ್ಕಸ್‌ಗೆ ಇದ್ದದ್ದು ಒಂದೇ ಕೈ. ಮೂಗಿ ಸಿಪ್ಪೆ ಚೆಲ್ಲುವುದೇ ಇಲ್ಲವಾದ್ದರಿಂದ ಗುಡಿಸುವವಳೂ ಬೇಡವಾದಳು. ಕೆಲಸವಿಲ್ಲದವರು ತಿಂಗಳೊಳಗೆ ಗುಡಿಸಲು ಬಿಡಬೇಕು.

ವಿಷಯ ತಿಳಿದ ಜೇಬೆಜ್ ಪಿಲ್‌ಗ್ರಿಮ್ ಹತ್ತಿರ ಹೋದ. ಆ ಇಬ್ಬರನ್ನಾದರೂ ಇಟ್ಟುಕೊಳ್ಳಿ ಎಂದು ಬೇಡಿದ. ಪಿಲ್‌ಗ್ರಿಮ್ ಸಿಟ್ಟಾಗಲಿಲ್ಲ, ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಅಲ್ಲಯ್ಯ, ಹೆಂಗಸರು ಅಲ್ಲಿ ನಿಲ್ಲಬಾರದು ಅಂತ ಎರಡು ವರ್ಷದಿಂದ ನನ್ನ ಪ್ರಾಣ ತಿಂದೋನು ನೀನು. ಈಗ ನಿಲ್ಲಲಿ ಅಂತೀಯಾ?" ಎಂದು ಕೇಳಿದ.

ಭಾನುವಾರ ಹೆಚ್ಚಿನವರು ಚರ್ಚಿಗೆ ಹೋಗಿದ್ದಾಗ ಅವನು ಹಾರೆ ಹಿಡಿದು ಗಾಣಕ್ಕೆ ನಡೆದ. ನಾನು ಕಂಡು, ಓಡಿಹೋಗಿ ಡಾರ್ಕಸ್‌ಗೆ ಹೇಳಿದೆ. ನಾವು ಹೋಗುವಷ್ಟರಲ್ಲಿ ಎರಡು ಪಟ್ಟಿ ಬಿಚ್ಚಿದ್ದ. ಡಾರ್ಕಸ್ ಅವನನ್ನು ದಾಟಿ ಹೋಗಿ ಮೂಗಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

"ಏಳು ಡಾರ್ಕಸ್," ಎಂದ.

"ತೆಗೆದ್ರೆ ಏನಾಗತ್ತೆ?"

"ನಿಮ್ಮನ್ನ ವಾಪಸ್ ಕರೀತಾರೆ."

"ಯಾರನ್ನ? ನನ್ನ ಕರೀತಾರಾ? ಒಂದು ಕೈಯಲ್ಲಿ ಸಿಪ್ಪೆ ಹಿಡಿಯಕ್ಕೆ? ಅಮ್ಮನ್ನ ನಿಲ್ಲಿಸ್ತಾರೆ. ಅಮ್ಮಂಗೆ ಈಗ ಕಣ್ಣು ಮಂಜು." ಅವಳು ಗೋಡೆಯ ಕೊಡಲಿಯ ಕಡೆ ನೋಡಿದಳು. "ಆಮೇಲೆ ಕೊಡಲಿ ಯಾರು ಹಿಡೀತಾರೆ ಜೇಬೆಜ್? ಮತ್ತೆ ನೀನೇನಾ?"

ಅವನು ಹಾರೆ ಕೆಳಗಿಟ್ಟು ಉರುಳೆಗೆ ಹಣೆ ಒತ್ತಿ ನಿಂತ. ನಾವು ಹೊರಗೆ ಬಂದೆವು. ಸೋಮವಾರ ಗಾಣ ತಿರುಗುವಾಗ ಬಿಚ್ಚಿದ್ದ ಎರಡು ಪಟ್ಟಿಯೂ ಮತ್ತೆ ಬಿಗಿಯಾಗಿದ್ದವು.

ತನ್ನ ಗುಡಿಸಲಿಗೆ ಬಂದಿರಿ ಎಂದು ಅವನು ನನ್ನ ಮೂಲಕ ಹೇಳಿಕಳಿಸಿದ. ಮದುವೆಯಾಗು ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ. ನೀವಿಬ್ಬರೂ ಇಲ್ಲಿರಿ, ನಾನು ಗಾಣದ ಮಾಡಿನಲ್ಲಿ ಮಲಗುತ್ತೇನೆ ಎಂದಷ್ಟೇ. ಡಾರ್ಕಸ್ ಒಪ್ಪಲಿಲ್ಲ. ಫೆಬ್ರವರಿಯ ಕೊನೆಗೆ ತಾಯಿ ಮಗಳು ಒಂದು ಬುಟ್ಟಿ, ಒಂದು ಚಾಪೆ ಹೊತ್ತು ಬ್ರಿಜ್‌ಟೌನಿನ ದಾರಿ ಹಿಡಿದರು. ಬತ್ಶೀಬಾ ಮಳೆಗಾಲ ದಾಟಲಿಲ್ಲ; ಚರ್ಚಿನವರು ನಡೆಸುವ ದಿಕ್ಕಿಲ್ಲದವರ ಮನೆಯಲ್ಲಿ ಸತ್ತಳೆಂದು ಸುದ್ದಿ ಬಂತು. ಡಾರ್ಕಸ್ ಪೇಟೆಯಲ್ಲಿ ಮರಗೆಣಸಿನ ಸಿಹಿ ಮಾರಿ ಬದುಕಿದಳು.

ಜೇಬೆಜ್‌ನ ಹೆಸರು ಗುಡ್ಡ ದಾಟಿತು. ಸುತ್ತಮುತ್ತಲಿನ ಸಣ್ಣ ಎಸ್ಟೇಟುಗಳವರು ಅವನನ್ನು ಕರೆಸಿಕೊಂಡು ತಮ್ಮ ಗಾಣಗಳಿಗೂ ಮೂಗಿ ಕಟ್ಟಿಸಿದರು. ಅವನು ಹೋದ, ಕಟ್ಟಿದ. ಹೋದಲ್ಲೆಲ್ಲ ಮೊದಲು ಉರುಳೆಯ ಅಳತೆ ತೆಗೆಯುತ್ತಿರಲಿಲ್ಲವಂತೆ. ಹಿಂದೆ ನಿಲ್ಲುವ ಹೆಂಗಸರ ಹೆಸರು ಕೇಳುತ್ತಿದ್ದನಂತೆ. ಕೇಳಿ ಏನು ಮಾಡುತ್ತಿದ್ದ? ಏನೂ ಇಲ್ಲ. ಒಂದು ಕಡೆ ಮಾತ್ರ ಇಬ್ಬರಿಗೆ ಆಲೆಮನೆಯಲ್ಲಿ ಕೆಲಸ ಕೊಡುತ್ತೇವೆಂದು ಒಪ್ಪಿಸಿದ ಮೇಲೆ ಉಳಿ ಮುಟ್ಟಿದ. ಅವನು ಅಲ್ಲಿಂದ ಹೊರಟ ಮೇಲೆ ಆ ಮಾತೂ ನಿಲ್ಲಲಿಲ್ಲ.

ಆಮೇಲೆ ಅವನು ಮನುಷ್ಯರ ಜೊತೆ ಮಾತು ಕಡಿಮೆ ಮಾಡಿದ. ಮದುವೆಯಾಗಲಿಲ್ಲ. ಹೊಲದಿಂದ ಬರುವಾಗ ನಾನು ಅವನ ಬಾಗಿಲಲ್ಲಿ ನಿಂತು ಒಂದೆರಡು ಮಾತಾಡಿ ಹೋಗುತ್ತಿದ್ದೆ. ಗುಂಡಿ ತೋಡಿ ನನ್ನ ಬೆನ್ನು ಬಾಗಿತ್ತು. ನಲವತ್ತಕ್ಕೇ ಕೋಲು ಹಿಡಿದಿದ್ದೆ. ಅವನಿಗೆ ಸಿಟ್ಟಿನಿಂದ ಏನಾದರೂ ಅನ್ನಬೇಕೆಂದು ಎಷ್ಟೋ ಸಲ ಅನಿಸಿದೆ. ಅಷ್ಟರಲ್ಲಿ ನನ್ನ ಹತ್ತೂ ಬೆರಳು ಕಾಣುತ್ತಿದ್ದವು, ಸುಮ್ಮನಾಗುತ್ತಿದ್ದೆ.

ಸಾವಿರದೆಂಟುನೂರ ಐವತ್ತನಾಲ್ಕರಲ್ಲಿ ಕಾಲರಾ ಬಂತು. ಮೇ ತಿಂಗಳಲ್ಲಿ ಪೇಟೆಯಲ್ಲಿ ಹತ್ತಿ, ಜುಲೈಗೆ ಗುಡ್ಡಕ್ಕೆ ಏರಿತು. ಎಸ್ಟೇಟಿನಲ್ಲಿ ಹಲಗೆ ಇರುವ ತನಕ ಜೇಬೆಜ್ ಶವಪೆಟ್ಟಿಗೆ ಮಾಡಿದ. ಹಲಗೆ ಮುಗಿದಾಗ ಗಾಡಿ ನಡೆಸಿದ, ಹೆಣ ಇಳಿಸಿದ, ಸುಣ್ಣ ಚೆಲ್ಲಿದ. ಒಂದು ಬೆಳಗ್ಗೆ ಅವನೇ ಗಾಡಿಯ ಪಕ್ಕ ಕೂತುಬಿಟ್ಟ, ಸಂಜೆಯೊಳಗೆ ಹೋದ. ಅವನನ್ನು ಯಾವ ಗುಂಡಿಗೆ ಹಾಕಿದರೆಂದು ನನಗೆ ಗೊತ್ತಿಲ್ಲ, ನಾನೂ ಆಗ ಜ್ವರದಲ್ಲಿದ್ದೆ.

ಡಾರ್ಕಸ್ ಉಳಿದಿದ್ದಳು. ಕ್ರಿಸ್‌ಮಸ್‌ಗೆ ಮುಂಚೆ ನಾನು ಕೋಲೂರಿಕೊಂಡು ಪೇಟೆಗೆ ಹೋಗಿ ಅವಳಿಗೆ ಸುದ್ದಿ ಹೇಳಿದೆ. ಅವಳು ಮಾರುಕಟ್ಟೆಯ ಗೋಡೆಗೆ ಒರಗಿ, ತಟ್ಟೆಯ ಮೇಲೆ ಕೂತ ನೊಣಗಳನ್ನು ಇದ್ದೊಂದು ಕೈಯಿಂದ ಓಡಿಸುತ್ತಿದ್ದಳು. ಅವನು ನಿನ್ನನ್ನು ಕೊನೆಯವರೆಗೂ ಮರೆಯಲಿಲ್ಲ ಎಂದೆ, ಸಮಾಧಾನವಾಗಲಿ ಎಂದು.

"ಗೊತ್ತು," ಎಂದಳು. "ಪೇಟೆಗೆ ಬಂದಾಗೆಲ್ಲ ಆಚೆ ಬೀದೀಲಿ ನಿಂತು ನೋಡಿ ಹೋಗ್ತಿದ್ದ. ಈ ಮೊಂಡು ತೋಳನ್ನೇ ನೋಡ್ತಿದ್ದ ಕೆಟುರಾ. ಅವತ್ತಿಂದ ಒಂದು ದಿನಾನೂ ನನ್ನ ಮುಖ ನೋಡ್ಲಿಲ್ಲ ಅವನು. ನೋಡಿದ್ದಿದ್ರೆ ನಾನೇ ಕರೀತಿದ್ದೆ."

ಯಾರೋ ಗಿರಾಕಿ ಬಂದು ಸಿಹಿ ಕೇಳಿದರು. ಅವಳು ಎರಡು ತುಂಡು ಎಲೆಯಲ್ಲಿ ಸುತ್ತಿ, ಎಲೆಯ ತುದಿಯನ್ನು ಹಲ್ಲಿನಿಂದ ಬಿಗಿದು ಕೊಟ್ಟಳು. ಆಮೇಲೆ ನನಗೂ ಒಂದು ತುಂಡು ಕೊಟ್ಟು, ಬಿಸಿಲೇರುವ ಮುಂಚೆ ಗುಡ್ಡ ಹತ್ತು, ನಿನ್ನ ಬೆನ್ನು ತಡೆಯಲ್ಲ ಎಂದಳು.