ಒತ್ತದ ಕೈ

"ಒತ್ತಬೇಡ ಮಾರಾಯ, ಅದೇನು ಕರೆಗಂಟೆನಾ?"

ಮಗುವಿನ ತೋಳಿಗೆ ಅಲ್ಟ್ರಾಸೌಂಡ್‌ನ ಪ್ರೋಬ್ ಒತ್ತಿ ಹಿಡಿದಿದ್ದ ಯುವ ವೈದ್ಯ ಫ್ರೀಸನ್ ಕೈ ಸಡಿಲಿಸುತ್ತಾನೆ. ಪರದೆಯಲ್ಲಿ ಇಲ್ಲವೇ ಇಲ್ಲ ಅನ್ನಿಸಿದ್ದ ರಕ್ತನಾಳ ಕರಿ ಚುಕ್ಕಿಯಾಗಿ ಕಣ್ಣು ಬಿಡುತ್ತದೆ. ಹದಿನಾಲ್ಕು ತಿಂಗಳ ಕೋಲ್ಬಿ ಅರಿವಳಿಕೆಯ ಅನಿಲಕ್ಕೆ ನಿದ್ದೆ ಹೋಗಿದ್ದಾನೆ. ಎರಡೂ ಕೈಗಳ ಮೇಲೆ ಒಂದೊಂದು ಹತ್ತಿಯುಂಡೆ. ಫ್ರೀಸನ್ ಕಣ್ಣಂದಾಜಿನಲ್ಲಿ ಚುಚ್ಚಿ ಸೋತ ಗುರುತು. ಔಷಧಿ ಹರಿಸಲು ಈಗಲೂ ರಕ್ತನಾಳ ಸಿಗದಿದ್ದರೆ ಇವತ್ತು ಸೀಳಂಗುಳದ ಶಸ್ತ್ರಚಿಕಿತ್ಸೆ ಇಲ್ಲ. ಮಗು ಅಜ್ಜಿಯೊಂದಿಗೆ ವಿಮಾನ ಹತ್ತಿ ಉತ್ತರದ ತಮ್ಮೂರಿಗೆ ವಾಪಸ್. ಮುಂದಿನ ಸರದಿ ನಾಲ್ಕು ತಿಂಗಳ ಮೇಲೆ.

"ಚುಚ್ಚೋಕೆ ಒಬ್ಬರಿಗೆ ಎರಡೇ ಸಲ. ನಿಂದು ಮುಗೀತು, ಕೊಡಿಲ್ಲಿ," ಎಂದು ನೋರೀನ್ ದೇಜರ್ಲೆ ಕೈ ಚಾಚುತ್ತಾರೆ.

ವಿನಿಪೆಗ್‌ನ ಈ ಆಸ್ಪತ್ರೆಯಲ್ಲಿ ಅವರು ಅರಿವಳಿಕೆ ಸಹಾಯಕಿ, ವಯಸ್ಸು ಐವತ್ತೆಂಟು. ಮೈನಸ್ ಮೂವತ್ತರ ಚಳಿಯಲ್ಲಿ ಆರು ಗಂಟೆಗೆ ಬಸ್ಸಿಳಿದು ಬಂದವರು ಮೊದಲು ಬಿಸಿನೀರಲ್ಲಿ ಬೆರಳು ನೆನೆಸುತ್ತಾರೆ. "ತಣ್ಣನೆ ಕೈ ತಾಗಿದ್ರೆ ಮಗುವಿನ ನರ ಅವಿತ್ಕೊಳ್ಳುತ್ತೆ." ದಿನಕ್ಕೆ ಏಳೆಂಟು ಮಕ್ಕಳು. ಹತ್ತೊಂಬತ್ತು ವರ್ಷ ಹೀಗೇ.

ಕಿರುಬೆರಳನ್ನು ಕೋಲ್ಬಿಯ ತೋಳಿಗೆ ಊರಿ, ಪ್ರೋಬನ್ನು ಜೆಲ್ ಮೇಲೆ ತೇಲಿಸುತ್ತಾರೆ. ಎರಡು ಮಿಲಿಮೀಟರ್ ಅಗಲವೂ ಇಲ್ಲದ ನಾಳ. ಪರದೆಯಲ್ಲಿ ಸೂಜಿಯ ತುದಿ ಒಂದು ಬಿಳಿ ಚುಕ್ಕಿ. ಪ್ರೋಬ್ ಕೂದಲೆಳೆಯಷ್ಟು ಮುಂದೆ ಹೋದರೆ ಚುಕ್ಕಿ ಮಾಯ. ಸೂಜಿ ಅಷ್ಟೇ ಮುಂದೆ ಹೋದರೆ ಮತ್ತೆ ಹಾಜರ್. ಬಿಳಿ ಚುಕ್ಕಿ ಕರಿ ಚುಕ್ಕಿಯೊಳಗೆ ಕೂರುತ್ತದೆ.

"ರಕ್ತ ಬಂತು!" ಫ್ರೀಸನ್ ಹಿಗ್ಗುತ್ತಾನೆ.

"ಈಗಲೇ ಕುಣೀಬೇಡ. ಇನ್ನಷ್ಟು ಒಳಗೆ ಹೋಗ್ಲಿ, ಇಲ್ಲಾಂದ್ರೆ ಜಾರುತ್ತೆ."

ಜಾರುವುದಿಲ್ಲ. ಎಂಟಕ್ಕೆ ಶಸ್ತ್ರಚಿಕಿತ್ಸೆ ಶುರುವಾಗುತ್ತದೆ.

ಮಧ್ಯಾಹ್ನ ಅಜ್ಜಿ ವೆರ್ನಾ ಮೊಮ್ಮಗನ ಕೈ ತಿರುಗಿಸಿ ತಿರುಗಿಸಿ ಎಣಿಸುತ್ತಾರೆ. "ಮೂರು ತೂತು. ಹೋದ ಸಲ ಸೀಳುತುಟಿ ಹೊಲಿದಾಗ ಆರಿತ್ತು. ಯಾರಮ್ಮ ಚುಚ್ಚಿದ್ದು?"

"ಎರಡು ಇವನದು, ಒಂದು ನಂದು," ನೋರೀನ್ ಫ್ರೀಸನ್‌ನತ್ತ ಕೈ ತೋರಿಸುತ್ತಾರೆ.

"ಹಂಗಾದ್ರೆ ಇವನನ್ನ ದೂರ ಇಡು. ನೀನೇ ಬಾ."

ಫ್ರೀಸನ್‌ನ ಕಿವಿ ಕೆಂಪಾಗುತ್ತದೆ. ಪಕ್ಕದಲ್ಲಿದ್ದ ವಿಭಾಗದ ಮುಖ್ಯಸ್ಥೆ ಡಾ. ಹಾರ್ಡರ್‌ಗೆ ಅಜ್ಜಿಯ ಮಾತು ಹಿಡಿಸುತ್ತದೆ. "ಸೋಮವಾರದಿಂದ ಎರಡು ವರ್ಷದೊಳಗಿನ ಮಕ್ಕಳೆಲ್ಲ ನಿಮಗೇ, ನೋರೀನ್. ಬೇರೆ ಯಾರೂ ಸೂಜಿ ಮುಟ್ಟೋದು ಬೇಡ. ಸಂಬಳಾನೂ ಏರಿಸೋಣ."

"ನಂಗೆ ಜ್ವರ ಬಂದ ದಿನ ಈ ಮಗು ಬಂದ್ರೆ?" ನೋರೀನ್ ಕೇಳುತ್ತಾರೆ. "ನಾಳೆಯಿಂದ ಮೊದಲನೇ ಸಲ ಚುಚ್ಚುವಾಗ್ಲೇ ಅಲ್ಟ್ರಾಸೌಂಡ್ ಯಂತ್ರ ತರ್ಲಿ. ಇವನ ಕೈಗೇ ಕೊಡಿ, ನಾನು ಪಕ್ಕ ನಿಂತ್ಕೋತೀನಿ."

"ಅಂದ್ರೆ, ನಾನು ಹೇಳಿದ್ದು ಒಪ್ಪಲ್ವಾ?" ಡಾ. ಹಾರ್ಡರ್ ಕೇಳುತ್ತಾರೆ.

"ಒಪ್ಪಲ್ಲ."