ಚರ್ಚ್ ಬಾಗಿಲಲ್ಲಿ ಡ್ರಿಲ್ ಮೇಷ್ಟ್ರು

ಹೆಸರು ಹೇಳಲ್ಲ, ಬೈತಾರೆ. ಮಧುಗಿರಿಯಿಂದ ನಾವು ಹನ್ನೆರಡು ಜನ ಸ್ಪೇನ್ ಟೂರ್ ಹೋದಾಗ ಜೊತೇಲಿ ಈ ರಿಟೈರ್ಡ್ ಡ್ರಿಲ್ ಮೇಷ್ಟ್ರೂ ಇದ್ರು. ಕಾದಿಸ್ ಅಂತ ಸಮುದ್ರದ ದಂಡೇಲಿ ಹಳೇ ಬಂದರಿನ ಊರು, ಗಲ್ಲಿಗಲ್ಲಿ ನಡ್ಕಂಡೇ ನೋಡ್ಬೇಕು. ಈಯಪ್ಪ ಕೈ ಹಿಂದಕ್ಕೆ ಕಟ್ಕಂಡು ಗೈಡ್ ಹುಡುಗಿಗಿಂತ ಹತ್ತು ಹೆಜ್ಜೆ ಮುಂದೆ ಹೋಗೋರು. "ಬನ್ರಿ, ಇದೆಲ್ಲ ನಾನ್ ಯೂಟ್ಯೂಬಲ್ಲಿ ನೋಡಿರೋದೇ" ಅನ್ನೋರು. ಅವರನ್ನ ನಂಬಿ ಎರಡು ಸಲ ಮೀನ್ ಮಾರ್ಕೆಟ್ಟಿಗೆ ನುಗ್ಗಿದ್ವಿ. ಇನ್ನೊಂದ್ಸಲ ತಪ್ಪಿದ್ರೆ ಲೀಡರ್‌ಗಿರಿ ಹೋಗ್ತದೆ ಅಂತ ಅವರಿಗೂ ಗೊತ್ತಿತ್ತು.

ದೊಡ್ಡ ಚರ್ಚ್ ಬಂತು. "ಬೂಟು ಬಿಡ್ರಿ! ಯಾವ ದೇವ್ರಾದ್ರೂ ದೇವ್ರೇ" ಅಂತ ಗದರಿದ್ರು. ಎಲ್ರೂ ಬಾಗಿಲಲ್ಲೇ ಬೂಟು ಬುಟ್ಟು ಒಳಕ್ಕೋದ್ವಿ. ಗೈಡ್ ನಮ್ ಸಾಕ್ಸ್ ನೋಡಿ, ಇಲ್ಲಿ ಯಾರೂ ಬಿಚ್ಚಲ್ಲ ಅಂತ ಕಿಸಕ್ಕಂತ ನಕ್ಕಳು.

"ಇದು ಯೂಟ್ಯೂಬಲ್ಲಿ ಬರ್ಲಿಲ್ವಾ ಮೇಷ್ಟ್ರೇ?" ಅಂದ್ಲು ನನ್ನ ಹೆಂಡ್ತಿ. ಮೇಷ್ಟ್ರ ಮುಖ ಇಂಗು ತಿಂದ ಮಂಗನಂಗಾಯ್ತು.

ಆಚೆ ಬಂದ್ರೆ, ನಮ್ ಬೂಟಿನ ರಾಶಿ ನೋಡಿ ನಾಲ್ಕು ಜನ ಫಾರಿನರ್ಸೂ ಬೂಟು ಬಿಚ್ತಾ ಕುಂತವ್ರೆ! ಮೇಷ್ಟ್ರಿಗೆ ಜೀವ ಬಂತು. ಅವರ ಮುಂದೆ ಹೋಗಿ ನಿಂತು, ಅಚ್ಚ ಕನ್ನಡದಲ್ಲೇ ಗದರಿದ್ರು: "ಹಂಗಲ್ಲ, ಸಾಲಾಗಿ ಜೋಡಿಸ್ರಿ!"

ಜೋಡಿಸಿದ್ರು ಕಣ್ರೀ.