ಗಿರಣಿಗೆ ಕೈ ಮುಗಿಯದವನು

ತೊಂಬತ್ತರ ಸುಮಾರಿಗೆ ನಾನು ಕುಡಚಿಯ ಒಂದು ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕೆ ಸೇರಿದೆ. ಸೇರಿದ ವರ್ಷವೇ ದಸರೆಯ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು. ನಾವೆಲ್ಲ ಆಯಿ ಅಂತಿದ್ದ ಮಾಲಕರ ತಾಯಿ ಮಷೀನಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ, ಆರತಿ ತಟ್ಟೆಯನ್ನು ನನ್ನ ಮುಂದೆ ಹಿಡಿದರು.

"ಬೆಳಗು. ನಿನಗ ಅನ್ನಾ ಹಾಕೂದು ಇದ."

ಮಷೀನು ತೊಳೆದು ಒರೆಸಿ ಮಿಂಚಿಸಿದ್ದು ನಾನೇ. ಆದರೆ ಕೈ ಮುಂದೆ ಹೋಗಲಿಲ್ಲ.

"ಸಿಟ್ಟಾಗಬ್ಯಾಡ್ರಿ ಆಯಿ. ನಾ ಯೇಸುಸ್ವಾಮಿನ್ನ ನಂಬಿದಾಂವ. ಬ್ಯಾರೆ ಯಾವುದಕ್ಕೂ ಕೈ ಮುಗಿಯಂಗಿಲ್ರಿ."

ಓಣಿಯಿಂದ ಬಂದಿದ್ದ ಹೆಂಗಸರೆಲ್ಲ ಆಯಿಯ ಮುಖ ನೋಡಿದರು. ಕೆಲಸ ಹೋಯಿತು ಅಂದುಕೊಂಡೆ.

"ಹಂಗಾರ ನಿನ್ನ ಪೂಜಿ ಯಾವಾಗ?" ಆಯಿ ಕೇಳಿದರು.

"ಪೂಜಿ ಅಲ್ರಿ, ಪ್ರಾರ್ಥನಾ. ದಿನಾ ಮುಂಜಾನಿ, ಮಷೀನ್ ಚಾಲೂ ಮಾಡೂಕ್ಕಿಂತ ಮೊದ್ಲ ಮಾಡ್ತೀನ್ರಿ."

"ದಿನಾ?" ಆಯಿ ಮಗನತ್ತ ತಿರುಗಿದರು. "ನಾವು ವರ್ಷಕ್ಕೊಮ್ಮೆ ಮಾಡ್ತೀವಿ, ಇಂವ ದಿನಾ ಮಾಡ್ತಾನಂತ. ಇವನ್ನ ಬಿಡಬ್ಯಾಡಪಾ."

ತಾವೇ ಆರತಿ ಬೆಳಗಿ ಎಲ್ಲರಿಗೂ ಪ್ರಸಾದ ಕೊಟ್ಟರು. ನನಗೆ ಮಾತ್ರ ಒಳಗಿನಿಂದ ಬೇರೆ ಹೋಳಿಗೆ ತಂದು, "ಇದು ದೇವರಿಗೆ ಎಡಿ ಹಿಡದದ್ದಲ್ಲ, ತಿನ್ನು" ಅಂದರು. ಕಣ್ಣು ತುಂಬಿ ಬಂದವು.

ಆದರೆ ಅಂದಿನಿಂದ ಬೆಲ್ಟು ಹರಿಯಲಿ, ಕರೆಂಟು ಹೋಗಲಿ, ಒಳಗಿನಿಂದ ಆಯಿಯ ಕೂಗು ಬರುತ್ತಿತ್ತು: "ಲೇ ತಮ್ಮಾ, ಇವತ್ತ ಪ್ರಾರ್ಥನಾ ಮಾಡೀಯೋ ಇಲ್ಲೋ?"

ನನ್ನ ಭಕ್ತಿಯನ್ನು ಇಷ್ಟು ಚೊಕ್ಕ ಇಟ್ಟ ಪಾಸ್ಟರ್ ಇನ್ನೊಬ್ಬರು ಸಿಗಲಿಲ್ಲ, ದೇವರಿಗೆ ಸ್ತೋತ್ರ. ಒಂದು ದಿನವಾದರೂ ಪ್ರಾರ್ಥನೆ ತಪ್ಪಿಸೋಣವೆಂದರೆ, ಕುಡಚಿಯ ಕರೆಂಟಿನ ಮೇಲೆ ಅಷ್ಟು ಭರವಸೆ ಇರಲಿಲ್ಲ.